ನನಗೆ ಕಲಿಸಬೇಕಾಗಿದ್ದವರು ಯಾರು? ಶಿಶಿಕ್ಷು (ಅಪ್ರೆಂಟಿಸ್) ಸಲಹೆಗಾರರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಿಶಿಕ್ಷು ಸಲಹೆಗಾರರು,
ರಾಜ್ಯ ಸರ್ಕಾರ ಹಾಗೂ ಕೇಂದ್ರ ಸರ್ಕಾರ

ವಿಷಯ: ಸೂಪರ್ ಮಾರ್ಕೆಟ್‌ಗಳಲ್ಲಿ ಅಪ್ರೆಂಟಿಸ್‌ಗಳಿಗೆ ತರಬೇತಿ ಸಿಗದಿರುವ ಬಗ್ಗೆ

ಮಾನ್ಯರೇ,

ಬನ್ನೂರಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಪಿಯುಸಿ ಕಾಮರ್ಸ್ ಮುಗಿಸಿದ ಮೇಲೆ 2025ರ ಜನವರಿಯಿಂದ ಡಿಸೆಂಬರ್ ಕೊನೆಯವರೆಗೆ ಮೈಸೂರಿನ ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಅಪ್ರೆಂಟಿಸ್ ಆಗಿದ್ದೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಇದ್ದವರು ಅಲ್ಲಿ ಇನ್ನೂ ಕೆಲಸ ಮಾಡುತ್ತಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಇದು ಒಂದೇ ಅಂಗಡಿಯ ವಿಷಯವೂ ಅಲ್ಲ. ಬಸ್ಸಿನಲ್ಲಿ ಸಿಗುವ ಬೇರೆ ಅಂಗಡಿಗಳ ಹುಡುಗ ಹುಡುಗಿಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಅಪ್ರೆಂಟಿಸ್ ಕಾಯ್ದೆ ಪಾಲನೆಯಾಗುತ್ತಿದೆಯಾ ಅಂತ ನೋಡಿಕೊಳ್ಳುವ ಅಧಿಕಾರಿಗಳು ನೀವು. ಪತ್ರವನ್ನು ನಿಮ್ಮಿಬ್ಬರಿಗೂ ಬರೆಯಲು ಕಾರಣ ಇದೆ. ನಾಲ್ಕು ಅಥವಾ ಜಾಸ್ತಿ ರಾಜ್ಯಗಳಲ್ಲಿ ಶಾಖೆ ಇರುವ ಕಂಪನಿಯಾದರೆ ಕೇಂದ್ರದ ಸಲಹೆಗಾರರ ಕೆಳಗೆ ಬರುತ್ತದೆ, ಇಲ್ಲದಿದ್ದರೆ ರಾಜ್ಯದವರ ಕೆಳಗೆ. ಇದು ಗೊತ್ತಾಗಿದ್ದು ನನ್ನ ವರ್ಷ ಮುಗಿದ ಮೇಲೆ, ಕಾಯ್ದೆಯನ್ನು ಕೂತು ಓದಿದಾಗ. ಕಂಪನಿಗೆ ಎಷ್ಟು ರಾಜ್ಯಗಳಲ್ಲಿ ಅಂಗಡಿ ಇದೆ ಅಂತ ಎಣಿಸಿ, ಆಮೇಲೆ ಯಾವ ಬಾಗಿಲು ತಟ್ಟಬೇಕು ಅಂತ ಹತ್ತೊಂಬತ್ತು ವರ್ಷದ ಹುಡುಗಿ ತೀರ್ಮಾನ ಮಾಡಬೇಕು. ನನಗೆ ಅದು ಆಗಲಿಲ್ಲ. ಅದಕ್ಕೇ ಎರಡೂ ಕಡೆಗೆ.

ನಮ್ಮಪ್ಪನದು ಬನ್ನೂರಿನಲ್ಲಿ ಚಿಕ್ಕ ದಿನಸಿ ಅಂಗಡಿ. ಐದನೇ ಕ್ಲಾಸಿನಿಂದ ಸ್ಕೂಲು ಮುಗಿಸಿ ಬಂದು ಅಲ್ಲಿ ಕೂತಿದ್ದೇನೆ. ತೂಕ ಹಾಕುವುದನ್ನು ಅಪ್ಪ ಒಂದು ವಾರ ಪಕ್ಕದಲ್ಲೇ ನಿಂತು ಕಲಿಸಿದರು. ‘ಮೊದಲು ತಕ್ಕಡಿ ಮುಳ್ಳು ನೋಡು, ಆಮೇಲೆ ಗಿರಾಕಿ ಮುಖ ನೋಡು’ ಅನ್ನುತ್ತಿದ್ದರು. ತೊಗರಿಬೇಳೆಗೆ ತೇವ ಹಿಡಿದಿದೆಯಾ ಅಂತ ಹಲ್ಲಲ್ಲಿ ಕಚ್ಚಿ ನೋಡುವುದು, ಬೆಲ್ಲದ ಅಚ್ಚು ಬೆವರುತ್ತಿದೆಯಾ ಅಂತ ಬೆರಳಿಟ್ಟು ನೋಡುವುದು, ಹೊಸ ಚೀಲ ಬಂದರೆ ಹಳೆಯದನ್ನು ಮುಂದಕ್ಕೆ ಎಳೆಯುವುದು, ಎಲ್ಲಾ ಅವರೇ ತೋರಿಸಿಕೊಟ್ಟಿದ್ದು. ತಪ್ಪು ಮಾಡಿದರೆ ಬೈಯುತ್ತಿದ್ದರು, ಆದರೆ ಬೈದ ಮೇಲೆ ಮತ್ತೆ ಮಾಡಿ ತೋರಿಸುತ್ತಿದ್ದರು.

ಈಗ ಆ ಅಂಗಡಿಯ ವ್ಯಾಪಾರ ಕಡಿಮೆಯಾಗಿದೆ. ಕಂಪ್ಯೂಟರ್ ಬಿಲ್ಲು, ಸ್ಟಾಕಿನ ಲೆಕ್ಕ, ಜಿಎಸ್‌ಟಿ, ಕಂಪನಿಗಳ ಜೊತೆ ಆರ್ಡರ್ ಮಾತಾಡುವುದು, ಇದ್ಯಾವುದೂ ಅಪ್ಪನಿಗೆ ಬರುವುದಿಲ್ಲ. ನಾನು ಕಲಿತು ಬಂದರೆ ಅಂಗಡಿಯನ್ನು ಸ್ವಲ್ಪ ದೊಡ್ಡದು ಮಾಡಬಹುದು, ಆಗದಿದ್ದರೆ ಒಳ್ಳೆಯ ಕಡೆ ಕೆಲಸಕ್ಕಾದರೂ ಸೇರಬಹುದು ಅಂತ ಮನೆಯಲ್ಲಿ ಮಾತಾಯಿತು. ಅಪ್ರೆಂಟಿಸ್ ಯೋಜನೆಯ ವಿಷಯ ಹೇಳಿದ್ದು ನಮ್ಮ ಕಾಲೇಜಿನ ಮೇಷ್ಟ್ರು. ‘ಶಿಶಿಕ್ಷು ಅಂದರೆ ಕಲಿಯಬೇಕು ಅಂತ ಆಸೆ ಇರುವವರು ಕಣಮ್ಮ’ ಅಂದರು. ನನಗೆ ಆ ಆಸೆ ನಿಜವಾಗಿಯೂ ಇತ್ತು.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದು ದುಡ್ಡಿನ ದೂರು ಅಂತ ಯಾರೂ ತಿಳಿಯಬಾರದು. ಪಿಯುಸಿ ಆದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಎಂದು 2019ರಲ್ಲಿ ನಿಯಮ ಆಗಿತ್ತು. ನನಗೆ ಕೊಟ್ಟಿದ್ದು ಅಷ್ಟೇ. ಅದರಲ್ಲಿ 5,500 ಕಂಪನಿ ಹಾಕುತ್ತಿತ್ತು. ಉಳಿದ 1,500 ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಲ್ಲಿ ಸರ್ಕಾರದಿಂದ ನೇರವಾಗಿ ಖಾತೆಗೆ ಬರಬೇಕಿತ್ತು. ನನ್ನ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಅದು ಬೇಕು ಅಂತ ಕಂಪನಿಯ ಎಚ್‌ಆರ್ ಹೇಳಿದ್ದು ನಾಲ್ಕನೇ ತಿಂಗಳಲ್ಲಿ. ಇರಲಿ. ಕಡಿಮೆ ದುಡ್ಡು ಅಂತ ಗೊತ್ತಿದ್ದೇ ನಾನು ಸೇರಿದ್ದು. ಕಲಿಕೆಗೆ ಸಂಬಳ ಕೇಳಬಾರದು ಅಂತ ಅಪ್ಪನೂ ಹೇಳಿದ್ದರು.

ಆದರೆ ಆ ಕಡಿಮೆ ದುಡ್ಡಿಗೆ ಬದಲಾಗಿ ಒಂದು ಸಿಗಬೇಕು ಅಲ್ವಾ? 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ನಮ್ಮನ್ನು ಕಾರ್ಮಿಕರಲ್ಲ, ತರಬೇತಿ ಪಡೆಯುವವರು ಎನ್ನುತ್ತದೆ. ಹಾಗಾಗಿ ಕಾರ್ಮಿಕ ಕಾನೂನುಗಳು ನಮಗೆ ಅನ್ವಯಿಸುವುದಿಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ನನ್ನ ಪಕ್ಕದಲ್ಲೇ ಅದೇ ರ‍್ಯಾಕ್ ತುಂಬುವ ಅಣ್ಣನಿಗೆ ಇರುವ ಎಷ್ಟೋ ರಕ್ಷಣೆ ನನಗೆ ಇಲ್ಲ. ಇದನ್ನೆಲ್ಲ ಬಿಟ್ಟುಕೊಟ್ಟಿದ್ದಕ್ಕೆ ಕಾಯ್ದೆ ನನಗೆ ಕೊಡುವುದು ಒಂದನ್ನೇ: ತರಬೇತಿ. ಅದೇ ಕಾಯ್ದೆಯ 11ನೇ ಸೆಕ್ಷನ್ ಮಾಲೀಕರ ಕರ್ತವ್ಯ ಏನು ಅಂತ ಹೇಳುತ್ತದೆ. ಅಪ್ರೆಂಟಿಸ್‌ಗೆ ಆ ಕಸುಬಿನ ತರಬೇತಿ ಕೊಡಬೇಕು. ಮಾಲೀಕರಿಗೆ ಸ್ವತಃ ಆ ಅರ್ಹತೆ ಇಲ್ಲದಿದ್ದರೆ, ಅರ್ಹತೆ ಇರುವ ಒಬ್ಬರನ್ನು ತರಬೇತಿಯ ಉಸ್ತುವಾರಿಗೆ ಇಡಬೇಕು.

ಹನ್ನೆರಡು ತಿಂಗಳಲ್ಲಿ ಆ ಒಬ್ಬರು ಯಾರು ಅಂತ ನನಗೆ ಗೊತ್ತಾಗಲೇ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲ ದಿನ ನಮ್ಮನ್ನು ಹದಿಮೂರು ಜನರನ್ನು ಗೋಡೌನ್ ಮೇಲಿನ ಕೋಣೆಯಲ್ಲಿ ಕೂರಿಸಿದರು. ಎಚ್‌ಆರ್ ಮೇಡಂ ಬಂದು ಯೂನಿಫಾರ್ಮ್, ಕೂದಲು, ನಗುಮುಖ, ಕ್ಯಾಮೆರಾ ಎಲ್ಲೆಲ್ಲಿದೆ, ಮೊಬೈಲ್ ಎಲ್ಲಿ ಇಡಬೇಕು ಅಂತ ಹೇಳಿದರು. ಎರಡನೇ ದಿನ ಮಧ್ಯಾಹ್ನದವರೆಗೆ ಒಂದು ವಿಡಿಯೋ ತೋರಿಸಿದರು. ಅಲ್ಲಿಗೆ ತರಬೇತಿ ಮುಗಿಯಿತು. ಮೊಬೈಲಿಗೆ ಬಂದ ಓಟಿಪಿ ಕೇಳಿ, ಒಪ್ಪಂದಕ್ಕೆ ಸಹಿ ಆಯಿತು ಅಂದರು. ಪ್ರತಿ ಕೊಡಲಿಲ್ಲ. ಮೂರು ತಿಂಗಳ ನಂತರ ಸೈಬರ್ ಸೆಂಟರ್‌ನಲ್ಲಿ ಅಪ್ರೆಂಟಿಸ್ ಯೋಜನೆಯ ಪೋರ್ಟಲ್ ತೆಗೆಸಿ ನೋಡಿದಾಗ ಮೊದಲ ಸಲ ನನ್ನ ಒಪ್ಪಂದವನ್ನು ಕಂಡೆ. ಇಂಗ್ಲಿಷಿನಲ್ಲಿತ್ತು. ನನ್ನ ಟ್ರೇಡ್, ಅಂದರೆ ಕಲಿಯಬೇಕಾದ ಕಸುಬು, ‘ರಿಟೇಲ್ ಟ್ರೈನಿ ಅಸೋಸಿಯೇಟ್’ ಅಂತಿತ್ತು. ಆ ಟ್ರೇಡ್‌ಗೆ ಏನೇನು ಕಲಿಸಬೇಕು ಅಂತ ಹುಡುಕಿ ಓದಿದೆ. ಸರಕು ಜೋಡಿಸುವುದು, ಗಿರಾಕಿಯ ಅಗತ್ಯ ತಿಳಿದು ಮಾರುವುದು, ದೂರು ಬಂದರೆ ನಿಭಾಯಿಸುವುದು, ಸುರಕ್ಷತೆ. ಓದಿ ಖುಷಿಯಾಯಿತು. ನಾನು ಬಂದಿದ್ದು ಇದನ್ನೇ ಕಲಿಯಲು.

ಆ ಹೊತ್ತಿಗೆ ನಾನು ಮಾಡುತ್ತಿದ್ದುದು ಗೋಡೌನ್ ಕೆಲಸ. ಬೆಳಿಗ್ಗೆ ಲೋಡ್ ಬಂದರೆ ಇಳಿಸಬೇಕು. ಹುಡುಗರು 25 ಕೆಜಿ ಅಕ್ಕಿ ಚೀಲ, ಹುಡುಗಿಯರು ಎಣ್ಣೆ ಬಾಕ್ಸು. ಆಮೇಲೆ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಮಡಚಿ, ಕಟ್ಟಬೇಕು. ಐದು ತಿಂಗಳು ಇದೇ. ಗೋಡೌನ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಸರಕು ಎಲ್ಲಿಂದ ಬಂತು, ಬಿಲ್ಲಿನಲ್ಲಿ ಎಷ್ಟಿದೆ, ಇಳಿದಿದ್ದು ಎಷ್ಟು, ಡ್ಯಾಮೇಜ್ ಆದರೆ ಯಾರಿಗೆ ವಾಪಸ್ ಹೋಗುತ್ತದೆ, ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಅದೇ ದೊಡ್ಡ ಪಾಠ ಆಗುತ್ತಿತ್ತು. ಒಂದು ದಿನ ಇನ್‌ವಾಯ್ಸ್ ಹಾಳೆ ನೋಡಲು ಕೇಳಿದೆ. ‘ನಿನಗ್ಯಾಕಮ್ಮ ಅದು, ಬಾಕ್ಸ್ ಎತ್ತು’ ಅಂದರು. ಹೇಳಿದವರು ಕೆಟ್ಟವರಲ್ಲ. ಅವರ ತಲೆಯ ಮೇಲೆ ಇನ್ನೂ ಎರಡು ಲಾರಿ ಇತ್ತು.

ಆರನೇ ತಿಂಗಳು ಫ್ಲೋರಿಗೆ, ಅಂದರೆ ಗಿರಾಕಿಗಳು ಓಡಾಡುವ ಜಾಗಕ್ಕೆ, ಕಳಿಸಿದರು. ಅಲ್ಲಿ ಒಬ್ಬರು ‘ಫೀಫೋ ಮಾಡು, ಫೀಫೋ ಮಾಡು’ ಅಂತ ಎರಡು ದಿನ ಕೂಗಿದರು. ಏನು ಅಂತ ಕೇಳಲು ಹೆದರಿಕೆ. ಕೊನೆಗೆ ನೋಡಿದರೆ, ಹಳೆಯದನ್ನು ಮುಂದಕ್ಕೆ ಇಡುವುದು. ಅಪ್ಪ ನನಗೆ ಹತ್ತು ವರ್ಷಕ್ಕೇ ಕಲಿಸಿದ್ದು. ತರಕಾರಿ ತೂಕದ ಕೌಂಟರಿನಲ್ಲೂ ಹೀಗೇ. ಒಂದೊಂದು ತರಕಾರಿಗೂ ಒಂದೊಂದು ಕೋಡ್. ನಾಟಿ ಟೊಮೆಟೊ ಬೇರೆ, ಹೈಬ್ರಿಡ್ ಬೇರೆ. ಏಲಕ್ಕಿ ಬಾಳೆ ಬೇರೆ, ಪಚ್ಚಬಾಳೆ ಬೇರೆ. ಕೋಡ್ ಬರೆದ ಹಾಳೆ ನೀರು ಬಿದ್ದು ಅರ್ಧ ಅಳಿಸಿತ್ತು. ತಪ್ಪು ಒತ್ತಿದರೆ ಗಿರಾಕಿ ಬಿಲ್ಲಿಂಗ್‌ನಿಂದ ವಾಪಸ್ ಬಂದು ಎಲ್ಲರೆದುರು ಕೂಗುತ್ತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ನಾನು ಮನೆಗೆ ಹೋಗಿ ಒಂದು ನೋಟ್‌ಬುಕ್ ತೆಗೆದುಕೊಂಡು ಎಲ್ಲಾ ಕೋಡ್‌ಗಳನ್ನೂ ಬರೆದಿಟ್ಟುಕೊಂಡೆ. ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇನ್ನೊಂದು ಲೆಕ್ಕವನ್ನೂ ಶುರು ಮಾಡಿದೆ. ಇವತ್ತು ನನಗೆ ಯಾರು, ಏನು, ಎಷ್ಟು ಹೊತ್ತು ಕಲಿಸಿದರು ಅಂತ. ಹಿಂದಿನ ತಿಂಗಳುಗಳದ್ದನ್ನೂ ನೆನಪಿದ್ದಷ್ಟು ಬರೆದೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಬಿಲ್ಲಿಂಗ್ ಕೌಂಟರಿಗೆ ನನ್ನನ್ನು ಕೂರಿಸಿದ್ದು ಎಂಟನೇ ತಿಂಗಳಲ್ಲಿ. ಕೂರಿಸಿದ್ದು ಅನ್ನುವುದು ಮಾತಿಗೆ, ಅಲ್ಲಿ ಸ್ಟೂಲ್ ಇಲ್ಲ. ಇಬ್ಬರು ಕ್ಯಾಶಿಯರ್‌ಗಳು ರಜೆ ಹಾಕಿದ್ದರು. ಶನಿವಾರ ಸಂಜೆ, ಸಾಲು ಹಾಲಿನ ಫ್ರಿಡ್ಜಿನವರೆಗೂ ಇತ್ತು. ‘ಸ್ಕ್ಯಾನ್ ಮಾಡು, ದುಡ್ಡು ತಗೋ, ಅಷ್ಟೇ’ ಅಂದು ಸೂಪರ್‌ವೈಸರ್ ಹೊರಟರು. ಎಂಟು ಗಂಟೆ ಹೊತ್ತಿಗೆ ಒಬ್ಬರು 640 ರೂಪಾಯಿ ಬಿಲ್ಲಿಗೆ ಫೋನಿನಲ್ಲಿ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ಹೋಯಿತು ಅಂತ ಹಸಿರು ಟಿಕ್ ತೋರಿಸಿದರು. ನಾನು ಬಿಲ್ ಕೊಟ್ಟೆ. ನಮ್ಮ ಯಂತ್ರದಲ್ಲಿ ದುಡ್ಡು ಬಂದಿದೆಯಾ ಅಂತ ನೋಡಿ, ಚೀಟಿ ಬಂದ ಮೇಲೆಯೇ ಬಿಲ್ ಮುಗಿಸಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ.

ರಾತ್ರಿ ಲೆಕ್ಕ ಮಾಡಿದಾಗ 640 ಶಾರ್ಟೇಜ್. ‘ನಿನ್ನ ಕೌಂಟರ್, ನೀನೇ ಕಟ್ಟು’ ಅಂದರು. ನನ್ನ ಹತ್ತಿರ 150 ರೂಪಾಯಿ ಇತ್ತು. ಕಳ್ಳಿಯ ಹಾಗೆ ಬ್ಯಾಗ್ ತೆಗೆದು ತೋರಿಸಿದೆ. ಪಕ್ಕದ ಕೌಂಟರಿನ ಹಿರಿಯ ಅಕ್ಕ ಏನೂ ಮಾತಾಡದೆ 500 ರೂಪಾಯಿ ಕೊಟ್ಟರು. ಆಮೇಲೆ ಎಲ್ಲರೂ ಹೋದ ಮೇಲೆ, ಯಂತ್ರ ಆರಿಸುವ ಮುಂಚೆ, ನನ್ನನ್ನು ಕರೆದು ಹತ್ತು ನಿಮಿಷ ಪಾಠ ಮಾಡಿದರು. ಯುಪಿಐ ಹೇಗೆ ಖಾತ್ರಿ ಮಾಡಿಕೊಳ್ಳಬೇಕು, ಬಿಲ್ ಹೋಲ್ಡ್‌ನಲ್ಲಿ ಇಡುವುದು ಹೇಗೆ, ರದ್ದು ಮಾಡಬೇಕಾದರೆ ಯಾರನ್ನು ಕರೆಯಬೇಕು, 500ರ ನೋಟು ಬಂದರೆ ಡ್ರಾಯರಿಗೆ ಹಾಕುವ ಮುಂಚೆ ಹೊರಗೆ ಯಾಕೆ ಇಟ್ಟುಕೊಳ್ಳಬೇಕು. ನನ್ನ ಇಡೀ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಮಾನ್ಯರೇ, ಆ ಹತ್ತು ನಿಮಿಷ ನನಗೆ ಸಂಜೆ ಐದು ಗಂಟೆಗೇ ಸಿಗಬೇಕಾಗಿತ್ತು. ಕೊಡಬೇಕಾಗಿದ್ದದ್ದು ಕಂಪನಿ. ಕೊಡದೆ ಇದ್ದುದರ ನಷ್ಟವನ್ನು ಕಟ್ಟಿದ್ದು ನಾನು ಮತ್ತು ಆ ಅಕ್ಕ.

ಆ ಅಕ್ಕನ ಬಗ್ಗೆ ಇನ್ನೂ ಒಂದು ಮಾತು. ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಸೀರೆ ಸೆರಗಿನಲ್ಲಿ ಮಗುವನ್ನು ಹಿಡಿದು ಬಂದ ಗಿರಾಕಿಯ ಬುಟ್ಟಿಯನ್ನು ಮೊದಲು ಖಾಲಿ ಮಾಡುತ್ತಾರೆ, ಮೊಟ್ಟೆಯನ್ನು ಕೊನೆಗೆ ಇಡುತ್ತಾರೆ, ವಯಸ್ಸಾದವರಿಗೆ ಚಿಲ್ಲರೆಯನ್ನು ಜೋರಾಗಿ ಎಣಿಸಿ ಕೊಡುತ್ತಾರೆ. ಇದನ್ನು ವಿಡಿಯೋದಿಂದ ಕಲಿಯಲು ಆಗುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ನನಗೆ ಹೇಳಿಕೊಟ್ಟಿದ್ದಕ್ಕೆ ಅವರಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗಲಿಲ್ಲ. ಬದಲಿಗೆ ‘ಮಾತಾಡ್ತಾ ನಿಂತರೆ ಸಾಲು ಬೆಳೆಯುತ್ತೆ’ ಅಂತ ಬೈಸಿಕೊಂಡರು.

ಸೆಪ್ಟೆಂಬರ್ 22ನೇ ತಾರೀಕು ಮೈಸೂರಿನವರಿಗೆ ಚೆನ್ನಾಗಿ ನೆನಪಿರುತ್ತದೆ. ದಸರಾ ಉದ್ಘಾಟನೆ ಅವತ್ತೇ, ಜಿಎಸ್‌ಟಿ ಹೊಸ ದರ ಜಾರಿಗೆ ಬಂದಿದ್ದೂ ಅವತ್ತೇ. ಹಿಂದಿನ ದಿನ ಭಾನುವಾರ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿದ ಮೇಲೆ ಅಪ್ರೆಂಟಿಸ್‌ಗಳನ್ನೆಲ್ಲ ಉಳಿಸಿಕೊಂಡರು. ರ‍್ಯಾಕ್‌ಗಳ ರೇಟ್ ಚೀಟಿ ಬದಲಾಯಿಸಬೇಕು, ಪ್ಯಾಕೆಟ್‌ಗಳಿಗೆ ಹೊಸ ಬೆಲೆಯ ಸ್ಟಿಕ್ಕರ್ ಅಂಟಿಸಬೇಕು. ಬೆಳಗಿನ ಜಾವ ಎರಡು ಗಂಟೆಯವರೆಗೆ ಅಂಟಿಸಿದೆವು. ಬನ್ನೂರಿಗೆ ಬಸ್ ಎಲ್ಲಿ? ಚಾಮುಂಡಿಪುರಂನಲ್ಲಿ ರೂಮ್ ಮಾಡಿಕೊಂಡಿದ್ದ ಜೊತೆಯವಳ ಹತ್ತಿರ ಮಲಗಿ, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಡ್ಯೂಟಿ. ಮನೆಯಲ್ಲಿ ಅಮ್ಮ ರಾತ್ರಿಯಿಡೀ ಎದ್ದಿದ್ದಳು.

ಬೆಳಿಗ್ಗೆ ಗಿರಾಕಿಗಳ ಪ್ರಶ್ನೆ ಶುರುವಾಯಿತು. ‘ಸೋಪಿಗೆ ಕಡಿಮೆ ಆಗಿದೆಯಂತೆ, ಎಷ್ಟು?’ ‘ತುಪ್ಪಕ್ಕೆ ಯಾಕೆ ಸೋಪಿನಷ್ಟು ಇಳಿದಿಲ್ಲ?’ ‘ಈ ಹಳೇ ಪ್ಯಾಕೆಟ್ಟಿಗೆ ಯಾವ ರೇಟು?’ ನಮಗೆ ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ಸೋಪು, ಶ್ಯಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಶೇ 18ರಿಂದ 5ಕ್ಕೆ ಬಂದಿದೆ, ಬೆಣ್ಣೆ ತುಪ್ಪ ಶೇ 12ರಿಂದ 5ಕ್ಕೆ, ಪ್ಯಾಕೆಟ್ ಪನೀರಿಗೆ ತೆರಿಗೆಯೇ ಇಲ್ಲ ಅಂತ ನಾನು ತಿಳಿದಿದ್ದು ಬಸ್ಸಿನಲ್ಲಿ ಪಕ್ಕದವರ ಪೇಪರ್ ಓದಿ. ಕಾಮರ್ಸ್ ಓದಿದವಳಿಗೆ, ಅಂಗಡಿ ನಡೆಸುವ ಆಸೆ ಇರುವವಳಿಗೆ, ಇದಕ್ಕಿಂತ ಒಳ್ಳೆಯ ಪಾಠದ ದಿನ ಬರುವುದು ಅಪರೂಪ. ಆ ರಾತ್ರಿ ನಾಲ್ಕು ಗಂಟೆ ನಮ್ಮ ಕೈಗೆ ಕೆಲಸ ಕೊಟ್ಟವರು, ಅರ್ಧ ಗಂಟೆ ನಮ್ಮನ್ನು ಕೂರಿಸಿಕೊಂಡು ಏನು ಬದಲಾಗಿದೆ ಅಂತ ಹೇಳಬಹುದಿತ್ತು.

ಆಯುಧ ಪೂಜೆಯವರೆಗೆ ವೀಕ್ ಆಫ್ ಕೂಡ ಸಿಗಲಿಲ್ಲ. ದಿನಕ್ಕೆ ಎಷ್ಟು ಗಂಟೆ ಎನ್ನುವುದನ್ನು ಕಂಪನಿಯೇ ಗೊತ್ತು ಮಾಡಬಹುದು ಅಂತ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿದೆ. ನನಗೆ ಗೊತ್ತು ಮಾಡಿದ್ದು ಒಂಬತ್ತು ಗಂಟೆ. ಅದರ ಮೇಲೆ ಅಪ್ರೆಂಟಿಸ್‌ನಿಂದ ಹೆಚ್ಚುವರಿ ಕೆಲಸ ಮಾಡಿಸಬೇಕಾದರೆ ಶಿಶಿಕ್ಷು ಸಲಹೆಗಾರರ, ಅಂದರೆ ನಿಮ್ಮ, ಅನುಮತಿ ಬೇಕು ಅಂತ 15ನೇ ಸೆಕ್ಷನ್ ಈಗಲೂ ಹೇಳುತ್ತದೆ. ಆ ರಾತ್ರಿಗೆ ಅನುಮತಿ ಇತ್ತಾ ಅಂತ ಸೂಪರ್‌ವೈಸರ್ ಅವರನ್ನು ಕೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ. ಈಗ ನಿಮ್ಮನ್ನು ಕೇಳುತ್ತಿದ್ದೇನೆ.

ನಿಂತು ನಿಂತು ಕಾಲು ಊದಿಕೊಳ್ಳುತ್ತಿದ್ದುದನ್ನೂ ಹೇಳಬೇಕು. ಫ್ಲೋರಿನಲ್ಲಿ ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ, ಕ್ಯಾಮೆರಾದಲ್ಲಿ ಕಂಡರೆ ಮೈಕಿನಲ್ಲಿ ಹೆಸರು ಕೂಗುತ್ತಾರೆ. ಮುಟ್ಟಿನ ದಿನಗಳಲ್ಲಿ ಗೋಡೌನ್‌ನ ಖಾಲಿ ಕ್ರೇಟ್ ಮೇಲೆ ಎರಡು ನಿಮಿಷ ಕೂತು ಬರುತ್ತಿದ್ದೆವು. ಕೋಳಿಕೋಡಿನ ಮಿಠಾಯಿ ತೆರುವು ಎಂಬ ಬೀದಿಯ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕು ಅಂತ ಕಾನೂನು ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ಪಕ್ಕದ ಎರಡು ರಾಜ್ಯಗಳಲ್ಲಿ ಸ್ಟೂಲ್ ಹಾಕಿದ್ದರಿಂದ ಅಂಗಡಿ ಮುಚ್ಚಿತು ಅಂತ ನಾನು ಕೇಳಿಲ್ಲ.

ಈಗ ನನ್ನ ನೋಟ್‌ಬುಕ್ಕಿನ ಲೆಕ್ಕ. ವರ್ಷದಲ್ಲಿ ನಾನು ಅಂಗಡಿಯಲ್ಲಿ ಇದ್ದದ್ದು 2,500 ಗಂಟೆಗಿಂತ ಜಾಸ್ತಿ. ಅದರಲ್ಲಿ ಯಾರಾದರೂ ನನಗೆ ಏನನ್ನಾದರೂ ಕಲಿಸಿದ್ದು, ಮೊದಲ ಎರಡು ದಿನ ಸೇರಿಸಿ, 41 ಗಂಟೆ. ಆ 41ರಲ್ಲಿ 23 ಗಂಟೆ ಬಿಲ್ಲಿಂಗ್ ಅಕ್ಕನದು. ಅವರ ಊಟದ ಹೊತ್ತು, ಅಂಗಡಿ ಮುಚ್ಚಿದ ಮೇಲಿನ ಹೊತ್ತು, ಕದ್ದು ಮುಚ್ಚಿ ಕೊಟ್ಟಿದ್ದು. ಕಂಪನಿ ಕಲಿಸಿದ್ದು ಅಂತ ನಾನು ಪ್ರಾಮಾಣಿಕವಾಗಿ ಹೇಳಬಹುದಾದದ್ದು 18 ಗಂಟೆ.

ಕಂಪನಿಯ ಕಷ್ಟವನ್ನೂ ನಾನು ನೋಡಿದ್ದೇನೆ. ಸ್ಟೋರ್ ಮ್ಯಾನೇಜರ್ ಅವರೇ ಎಷ್ಟೋ ದಿನ ಊಟ ಮಾಡದೆ ಓಡಾಡುತ್ತಿದ್ದರು. ಜನ ಸಾಲದು, ಮೇಲಿನಿಂದ ಟಾರ್ಗೆಟ್. ಆದರೆ ಜನ ಕಡಿಮೆ ಇದ್ದ ಆ ಜಾಗಗಳಿಗೆ ನಮ್ಮನ್ನು ತುಂಬಿದ್ದರು. ಒಂದು ಸಂಜೆ ಶಿಫ್ಟಿನಲ್ಲಿ ಎಣಿಸಿದೆ. ಫ್ಲೋರಿನಲ್ಲಿದ್ದ 22 ಜನರಲ್ಲಿ 9 ಜನರ ಎದೆಯ ಮೇಲೆ ಟ್ರೈನಿ ಬ್ಯಾಡ್ಜ್ ಇತ್ತು. ಮೂವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು ಅನ್ನುವುದು ನಿಯಮ. ಕಂಪನಿಯ ಒಟ್ಟು ಲೆಕ್ಕದಲ್ಲಿ ಅದು ಸರಿಯಾಗಿಯೇ ಇರಬಹುದು. ಆದರೆ ಒಂದು ಅಂಗಡಿಯಲ್ಲಿ ಕಲಿಯುವವರು ಅಷ್ಟು ಜನ ಇದ್ದು, ಕಲಿಸುವವರು ಒಬ್ಬರೂ ಇಲ್ಲದಿದ್ದರೆ ಅದು ಮಾಮೂಲಿ ಕೆಲಸದ ಜಾಗವೇ ಹೊರತು ತರಬೇತಿಯ ಜಾಗ ಅಲ್ಲ.

ಕೊನೆಯ ತಿಂಗಳಲ್ಲಿ ಒಂದು ಮೌಖಿಕ ಪರೀಕ್ಷೆ ನಡೆಯಿತು. ‘ಪ್ಲಾನೋಗ್ರಾಮ್ ಅಂದರೇನು?’ ಅಂತ ಕೇಳಿದರು. ನಾನು ಸುಮ್ಮನೆ ನಿಂತೆ. ಯಾವ ರ‍್ಯಾಕ್‌ನಲ್ಲಿ ಯಾವ ಸರಕು ಎಷ್ಟು ಸಾಲು ಇಡಬೇಕು ಅಂತ ತೋರಿಸುವ ನಕ್ಷೆಗೆ ಆ ಹೆಸರಂತೆ. ಆರು ತಿಂಗಳು ಪ್ರತಿದಿನ ಆ ನಕ್ಷೆ ಹಿಡಿದು ರ‍್ಯಾಕ್ ಜೋಡಿಸಿದ್ದೇನೆ. ಕೆಲಸ ನನ್ನ ಕೈಗೆ ಬಂದಿತ್ತು, ಅದರ ಹೆಸರನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅವತ್ತು ಬಂದ ಅಳುವನ್ನು ತಡೆದುಕೊಂಡಿದ್ದು ಕಷ್ಟವಾಯಿತು.

ವರ್ಷ ಮುಗಿದ ದಿನ ‘ಇಲ್ಲಿ ಪರ್ಮನೆಂಟ್ ಆಗುತ್ತಾ?’ ಅಂತ ಎಚ್‌ಆರ್ ಮೇಡಂ ಅವರನ್ನು ಕೇಳಿದೆ. ‘ಈಗ ವೇಕೆನ್ಸಿ ಇಲ್ಲ. ಬೇಕಾದರೆ ಬೇರೆ ಟ್ರೇಡ್ ಹೆಸರಿನಲ್ಲಿ ಇನ್ನೊಂದು ವರ್ಷ ಅಪ್ರೆಂಟಿಸ್ ಆಗಿ ಸೇರಿಕೋ’ ಅಂದರು. ಮುಂದಿನ ವಾರವೇ ಹೊಸ ಬ್ಯಾಚ್ ಬಂತು. ಅಪ್ರೆಂಟಿಸ್‌ಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಮಾಲೀಕರೂ ತಮ್ಮದೇ ಒಂದು ನೀತಿ ಮಾಡಿಕೊಂಡಿರಬೇಕು ಅಂತ 22ನೇ ಸೆಕ್ಷನ್ ಹೇಳುತ್ತದೆ. ಕೆಲಸ ಕೊಡಲೇಬೇಕು ಅಂತ ನಾನು ಹಟ ಹಿಡಿಯುತ್ತಿಲ್ಲ. ಆ ನೀತಿಯನ್ನು ಸೇರುವ ದಿನವೇ ನಮಗೆ ತೋರಿಸಿ ಅಂತ ಕೇಳುತ್ತಿದ್ದೇನೆ. ಕೆಲಸ ಸಿಗುವ ಸಾಧ್ಯತೆ ಇಲ್ಲ ಅಂತ ಗೊತ್ತಿದ್ದರೆ ನಾನು ಆ ವರ್ಷ ಬಿ.ಕಾಂ ಸೇರುತ್ತಿದ್ದೆ.

ಮಾನ್ಯರೇ, ನನ್ನ ಮುಖ್ಯ ಬೇಡಿಕೆ ಒಂದೇ. ಅಪ್ರೆಂಟಿಸ್ ಇರುವ ಪ್ರತಿ ಅಂಗಡಿಯಲ್ಲೂ ಕಲಿಸುವವರು ಯಾರು ಅಂತ ಹೆಸರು ಹಿಡಿದು ಗೊತ್ತು ಮಾಡಿಸಿ. ಹೆಡ್ ಆಫೀಸಿನ ಯಾರೋ ಒಬ್ಬರ ಹೆಸರಲ್ಲ, ಅದೇ ಅಂಗಡಿಯಲ್ಲಿ ಅದೇ ಶಿಫ್ಟಿನಲ್ಲಿ ಇರುವವರ ಹೆಸರು. ಆ ಹೆಸರು ನಮ್ಮ ಒಪ್ಪಂದದಲ್ಲಿ ಇರಲಿ, ಗೋಡೌನ್ ಗೋಡೆಯ ಮೇಲೂ ಇರಲಿ. ಅವರಿಗೆ ದಿನಕ್ಕೆ ಒಂದು ಗಂಟೆ ಕಲಿಸುವುದಕ್ಕೆ ಅಂತಲೇ ಬಿಡುವು ಕೊಡಲಿ, ಅದಕ್ಕೆ ಭತ್ಯೆಯನ್ನೂ ಕೊಡಲಿ. ನಮ್ಮ ಸ್ಟೈಪೆಂಡಿನಲ್ಲಿ 1,500 ರೂಪಾಯಿ ಸರ್ಕಾರವೇ ಕೊಡುತ್ತಿರುವಾಗ, ಬಿಲ್ಲಿಂಗ್ ಅಕ್ಕನಂಥವರಿಗೆ ಒಂದು ಭತ್ಯೆ ಕೊಡಿ ಅಂತ ಕಂಪನಿಗೆ ಹೇಳುವ ಹಕ್ಕು ಸರ್ಕಾರಕ್ಕೆ ಇದೆ ಎಂದು ನಾನು ನಂಬಿದ್ದೇನೆ.

ಕಲಿತದ್ದನ್ನು ನಾವೇ ನಮ್ಮ ಕೈಬರಹದಲ್ಲಿ, ಕನ್ನಡದಲ್ಲಿ, ವಾರಕ್ಕೊಮ್ಮೆ ಬರೆಯುವ ಪುಸ್ತಕ ಬೇಕು. ಕಲಿಸಿದವರು ಸಹಿ ಮಾಡಲಿ. ತಪಾಸಣೆಗೆ ಬಂದವರು ಹಾಜರಿ ನೋಡುವಾಗ ಆ ಪುಸ್ತಕವನ್ನೂ ನೋಡಲಿ, ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದು ನಮ್ಮ ಜೊತೆ ಬೇರೆಯಾಗಿ ಹತ್ತು ನಿಮಿಷ ಮಾತಾಡಲಿ. ಐದು ತಿಂಗಳು ಗೋಡೌನ್ ಬಿಟ್ಟು ಹೊರಗೆ ಬಂದಿಲ್ಲ ಅಂತ ಪುಸ್ತಕದಲ್ಲಿ ಕಂಡರೆ ಅಲ್ಲೇ ಕೇಳಬಹುದು. ಒಪ್ಪಂದದ ಕನ್ನಡ ಪ್ರತಿ ಸಹಿಗೆ ಮುಂಚೆ ನಮ್ಮ ಕೈಯಲ್ಲಿರಬೇಕು.

ಶಾರ್ಟೇಜ್ ಅನ್ನು ಅಪ್ರೆಂಟಿಸ್ ಕೈಯಿಂದ ಕಟ್ಟಿಸುವುದನ್ನು ನಿಲ್ಲಿಸಲು ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ಬಿಲ್ಲಿಂಗ್ ಕಲಿಸದೆ ಕೌಂಟರಿಗೆ ನಿಲ್ಲಿಸಬಾರದು ಅಂತಲೂ ಅದರಲ್ಲಿರಲಿ. ರಾತ್ರಿ ಉಳಿಸಿಕೊಳ್ಳುವುದಕ್ಕೆ ನಿಮ್ಮ ಅನುಮತಿ ಬೇಕು ಎನ್ನುವುದನ್ನು ಹಬ್ಬದ ಸೀಸನ್‌ಗೆ ಮುಂಚೆ ಎಲ್ಲಾ ಕಂಪನಿಗಳಿಗೂ ನೆನಪಿಸಿ. ಬಿಲ್ಲಿಂಗ್ ಕೌಂಟರಿಗೆ ಒಂದು ಸ್ಟೂಲ್ ಹಾಕಿಸಿ. ಜಗಳ ಬಂದರೆ 20ನೇ ಸೆಕ್ಷನ್ ಪ್ರಕಾರ ತೀರ್ಮಾನ ಮಾಡುವವರು ನೀವೇ. ಆದರೆ ನಿಮ್ಮಲ್ಲಿ ಯಾರನ್ನು, ಎಲ್ಲಿ ಕೇಳಬೇಕು ಅಂತ ನಮಗೆ ತಿಳಿಯಬೇಕಲ್ಲ? ರಾಜ್ಯ, ಕೇಂದ್ರ ಅಂತ ನಮ್ಮನ್ನು ಅಲೆಸದೆ ಒಂದೇ ಫೋನ್ ನಂಬರ್ ಕೊಡಿ. ಯಾರ ಕೆಳಗೆ ಬರುತ್ತದೆ ಅನ್ನುವುದನ್ನು ಆಮೇಲೆ ನೀವು ನಿಮ್ಮೊಳಗೆ ನೋಡಿಕೊಳ್ಳಬಹುದು.

ಹೋದ ವಾರ ಬನ್ನೂರು ಬಸ್ಸಿನಲ್ಲಿ ಹೊಸ ಬ್ಯಾಚಿನ ಹುಡುಗಿಯೊಬ್ಬಳು ಸಿಕ್ಕಿದ್ದಳು. ಅದೇ ಅಂಗಡಿ, ಅದೇ ಹಳದಿ ಬ್ಯಾಡ್ಜ್. ‘ಅಕ್ಕ, ತರಕಾರಿ ಕೋಡ್ ನಿಮಗೆ ಗೊತ್ತಾ? ಯಾರೂ ಹೇಳ್ತಿಲ್ಲ’ ಅಂದಳು. ನೋಟ್‌ಬುಕ್ಕಿನ ಮುಂದಿನ ಹಾಳೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆಸಿ ಕೊಟ್ಟೆ. ಹಿಂದಿನ ಹಾಳೆಗಳು ನನ್ನ ಹತ್ತಿರ ಇವೆ. ತಾರೀಕು, ಗಂಟೆ ಎಲ್ಲಾ ಬರೆದಿದೆ. ನೀವು ಕರೆದರೆ ಯಾವ ಕಚೇರಿಗಾದರೂ ಅದನ್ನು ತೆಗೆದುಕೊಂಡು ಬರುತ್ತೇನೆ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಬನ್ನೂರಿನ ಒಬ್ಬ ಮಾಜಿ ಅಪ್ರೆಂಟಿಸ್